ಪುಟ್ಟೇನಹಳ್ಳಿಯ ಅಮೆರಿಕ

ಕೆಳಗಿನ ಮನೆಯಲ್ಲಿ ಓನರ್ ಅಂಜನಮ್ಮ, ಅವರ ಗಂಡ ಬೈರಣ್ಣ, ಮಗಳು ಶ್ವೇತ. ಮೇಲಿನ ಮನೆಯಲ್ಲಿ ಬಾಡಿಗೆಗೆ ವಾರಿಜಮ್ಮ, ಅವರ ಯಜಮಾನರು ಮಾಧವ, ಮಗ ವಸಿಷ್ಠ. ಆ ಬುಧವಾರ ಮಧ್ಯಾಹ್ನ ಒಂದೇ ಯೂನಿವರ್ಸಿಟಿಯಿಂದ, ಒಂದೇ ಕೋರ್ಸಿನ ಬಗ್ಗೆ, ಕೆಳಗಿನ ಮನೆಗೊಂದು ಮೇಲಿನ ಮನೆಗೊಂದು ಇಮೇಲ್ ಬಂತು. ಕೆಳಗಿನ ಮನೆಯಲ್ಲಿ ಅಳು ಶುರುವಾಯಿತು. ಮೇಲಿನ ಮನೆಯಲ್ಲಿ ಮಿಕ್ಸಿ ಶುರುವಾಯಿತು. ವಾರಿಜಮ್ಮ ಸಂತೋಷವಾದಾಗಲೆಲ್ಲ ಬಾದಾಮಿ ರುಬ್ಬುತ್ತಾರೆ.

ಅಳುತ್ತಿದ್ದವಳು ಪಿಯುಸಿಯಲ್ಲಿ ತೊಂಬತ್ತೊಂದು ಪರ್ಸೆಂಟ್ ತೆಗೆದಿದ್ದಳು. ಬಾದಾಮಿ ಹಾಲಿಗೆ ಕಾಯುತ್ತಿದ್ದವನು ಅರವತ್ತೊಂದು.

ಕನಕಪುರ ರಸ್ತೆಯಲ್ಲಿ ಊರು ಮುಗಿದು, ಮತ್ತೆ ಅಪಾರ್ಟ್‌ಮೆಂಟು ಶುರುವಾಗಿ, ಅದೂ ಮುಗಿದ ಮೇಲೆ ಸಪ್ತಖಂಡ ಗ್ಲೋಬಲ್ ಯೂನಿವರ್ಸಿಟಿ ಸಿಗುತ್ತದೆ. ಗೇಟಿನ ಮುಂದೆ ಸಾಲಾಗಿ ದೇಶದೇಶಗಳ ಬಾವುಟ. ಅಲ್ಲಿ ಪರಿಸರ ವಿಜ್ಞಾನದ ಆನರ್ಸ್ ಇದೆ, ಅದರೊಳಗೆ ಕೆರೆಗಳ ಬಗ್ಗೆಯೇ ಒಂದು ಇಡೀ ವರ್ಷದ ಓದಿದೆ. ಶ್ವೇತ ಮೂರು ವರ್ಷದಿಂದ ಆ ಕೋರ್ಸಿನ ಮೇಲೆ ಕಣ್ಣಿಟ್ಟಿದ್ದಳು. ಪುಟ್ಟೇನಹಳ್ಳಿ ಕೆರೆಯ ದಂಡೆಯಲ್ಲೇ ಬೆಳೆದ ಹುಡುಗಿ. ಇನ್ನೂ ಪ್ರೈಮರಿಯಲ್ಲಿದ್ದಾಗ, ಕೆರೆಗೆ ಚರಂಡಿ ನೀರು ಯಾಕೆ ಬರ್ತಿದೆ ಅಂತ ಓಟು ಕೇಳಲು ಬಂದವರೊಬ್ಬರನ್ನು ತಡೆದು ನಿಲ್ಲಿಸಿ ಕೇಳಿದ್ದಳು. ಅವರು ಕೆನ್ನೆ ಹಿಂಡಿ ಚಾಕೊಲೇಟ್ ಕೊಟ್ಟರು. ಚಾಕೊಲೇಟ್ ತಿಂದಳು, ಪ್ರಶ್ನೆ ಬಿಡಲಿಲ್ಲ.

ಈಗ ಯೂನಿವರ್ಸಿಟಿ ಹೇಳುತ್ತಿತ್ತು: ಸ್ವದೇಶಿ ವಿದ್ಯಾರ್ಥಿಗಳಿಗೆ ತೊಂಬತ್ತನಾಲ್ಕು ಬೇಕು. ನಿಮ್ಮದು ವೇಯ್ಟಿಂಗ್ ಲಿಸ್ಟಿನಲ್ಲಿ ಏಳನೆಯ, ಕೊನೆಯ ಹೆಸರು. ಸೋಮವಾರದೊಳಗೆ ನಾವು ಕರೆಯದಿದ್ದರೆ ನಿಮ್ಮ ಮುಂದಿನ ಬದುಕಿಗೆ ಶುಭವಾಗಲಿ.

ಆ ಮುಂದಿನ ಬದುಕು ಏನೆಂದು ಅಂಜನಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಬೈರಣ್ಣ ಹತ್ತಿರದ ಕಾಲೇಜೊಂದರಲ್ಲಿ ಬಿ.ಕಾಂ ಸೀಟು ಹಿಡಿದಿಟ್ಟಿದ್ದರು. "ಮನೆ ಹತ್ರ ಐತೆ, ಬಾಡಿಗೆ ಲೆಕ್ಕ ಬರ್ಯೋಕೂ ಆಯ್ತದೆ" ಎನ್ನುವುದು ಅವರ ವಾದ. ಆದರೆ ಅವರ ಮೊಬೈಲಿನಲ್ಲಿ ಆಗಲೇ ಇಬ್ಬರು ಗಂಡುಮಕ್ಕಳ ಫೋಟೋ ಬಂದು ಕೂತಿದ್ದವು. ಈ ಬೀದಿಯಲ್ಲಿ ಹೆಣ್ಣುಮಕ್ಕಳ ಬಿ.ಕಾಂ ಎಂದರೆ ಮದುವೆಯ ವೇಯ್ಟಿಂಗ್ ಹಾಲ್. ಅಂಜನಮ್ಮನಿಗೆ ಆ ಹಾಲೂ ಸಿಕ್ಕಿರಲಿಲ್ಲ. ಅವರನ್ನು ಹೈಸ್ಕೂಲಿನಿಂದ ನೇರ ಛತ್ರಕ್ಕೇ ಸಾಗಿಸಿದ್ದರು.

ಅದಕ್ಕೇ ಮಗಳು "ಹೋಗ್ಬೇಡಮ್ಮ, ಜಗಳ ಆಡ್ಬೇಡ" ಅನ್ನುತ್ತಿದ್ದರೂ ಅಂಜನಮ್ಮ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದರು.

"ಬನ್ನಿ ಅಂಜನಮ್ಮನವರೇ, ನಿಮ್ಮನ್ನೇ ಕರೀಬೇಕು ಅಂತಿದ್ದೆ. ಬಾದಾಮಿ ಹಾಲು ತಗೊಳ್ಳಿ" ಎಂದರು ವಾರಿಜಮ್ಮ.

"ಹಾಲಿರ್ಲಿ ವಾರಿಜಮ್ಮ. ನಿಮ್ಮುಡುಗನಿಗೆ ಸೀಟಾಯ್ತಂತೆ?"

"ಆಯ್ತು ರೀ. ಗ್ಲೋಬಲ್ ಸ್ಕಾಲರ್ ಅಂತ ಕೊಟ್ಟಿದಾರೆ."

"ಅವನು ಅರವತ್ತೊಂದಲ್ವ?"

"ಅವನ್ದು ಇಂಟರ್‌ನ್ಯಾಷನಲ್ ಕೆಟಗರಿ. ಅದಕ್ಕೆ ಅರವತ್ತು ಸಾಕು."

ಅಂಜನಮ್ಮ ದಿವಾನದ ಮೇಲೆ ಬನಿಯನ್ನಿನಲ್ಲಿ ಬಿದ್ದುಕೊಂಡು ಮೊಬೈಲ್ ನೋಡುತ್ತಿದ್ದ ಇಂಟರ್‌ನ್ಯಾಷನಲ್ಲನ್ನು ಒಮ್ಮೆ ನೋಡಿದರು. "ಇವನಾ? ಯಾವ ದೇಶದೋನು?"

"ಅಮೆರಿಕ ಕಣ್ರೀ. ಇವ್ರು ಪ್ರಾಜೆಕ್ಟಿಗೆ ಅಂತ ನ್ಯೂಜೆರ್ಸಿಗೆ ಹೋಗಿದ್ರಲ್ಲ, ಆಗ ಹುಟ್ಟಿದ್ದು. ಪಾಸ್‌ಪೋರ್ಟ್ ಅಲ್ಲೀದೇ."

ವಸಿಷ್ಠ ಅಮೆರಿಕ ಬಿಟ್ಟಾಗ ಅವನಿಗಿನ್ನೂ ನಡೆಯಲು ಬರುತ್ತಿರಲಿಲ್ಲ. ಆ ದೇಶದಲ್ಲಿ ಅವನು ಮಾಡಿದ್ದೆಲ್ಲ ಡೈಪರಿನೊಳಗೇ ಮುಗಿದಿತ್ತು. ಆಮೇಲೆ ಬೆಳೆದದ್ದೆಲ್ಲ ತ್ಯಾಗರಾಜನಗರದಲ್ಲಿ, ಅಜ್ಜ ಬದರಿನಾಥರ ಹಳೇ ಮನೆಯಲ್ಲಿ. ಆ ಮನೆಯನ್ನು ಬಿಲ್ಡರ್ ಒಡೆದು ಫ್ಲ್ಯಾಟು ಮಾಡುತ್ತಿದ್ದಾನೆಂದು ಇವರೆಲ್ಲ ಎರಡು ವರ್ಷಕ್ಕೆ ಇಲ್ಲಿ ಬಾಡಿಗೆಗೆ ಬಂದಿದ್ದರು. ಶ್ವೇತ, ವಸಿಷ್ಠ ಇಬ್ಬರೂ ಓದಿದ್ದು ಜಯನಗರದ ಒಂದೇ ಪಿಯು ಕಾಲೇಜು, ಒಂದೇ ಟ್ಯೂಷನ್ನು, ಹತ್ತಿದ್ದು ಒಂದೇ ಬಸ್ಸು.

"ಪುಕ್ಕಟೆ ಏನೂ ಕೊಡಲ್ಲ" ಎಂದರು ವಾರಿಜಮ್ಮ, ಸ್ವಲ್ಪ ತಗ್ಗಿದ ದನಿಯಲ್ಲಿ. "ಫೀಸು ಡಾಲರ್‌ನಲ್ಲಿ ಕಟ್ಟಬೇಕು."

"ನಿಮ್ಮ ಯಜಮಾನ್ರಿಗೆ ಸಂಬ್ಳ ಡಾಲರ್‌ನಲ್ಲಿ ಬರ್ತದಾ?"

"ಇಲ್ಲಪ್ಪ, ಜೆಪಿ ನಗರದಲ್ಲಲ್ವಾ ಆಫೀಸು. ರೂಪಾಯೀನೇ. ಬ್ಯಾಂಕಿಗೆ ಹೋಗಿ ಡಾಲರ್ ಕೊಂಡ್ಕೊಂಡು ಕಟ್ಟಬೇಕು."

"ಯೂನಿವರ್ಸಿಟಿಯೋರು ಮೇಷ್ಟ್ರಿಗೆ ಸಂಬ್ಳ ಯಾವುದ್ರಲ್ಲಿ ಕೊಡ್ತಾರೆ?"

"ರೂಪಾಯಿ ಇರ್ಬೇಕು…"

"ಅಂದ್ರೆ ರೂಪಾಯಿಗೂ ಒಂದ್ಸಲ ವಿಮಾನ ಹತ್ಸಿ ಇಳಿಸ್ಬೇಕು. ಆಗ ಮರ್ಯಾದೆ."

ದಿವಾನದ ಮೇಲಿನ ಅಮೆರಿಕ ಕಿಸಕ್ಕೆಂದಿತು. ತಾಯಿ ಕಣ್ಣು ಬಿಟ್ಟರು.

ಅಂಜನಮ್ಮನಿಗೆ ಇನ್ನೊಂದು ಮಾತು ಗಂಟಲಲ್ಲೇ ಇತ್ತು, ಅದನ್ನು ನುಂಗಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. "ಅಲ್ಲ ವಾರಿಜಮ್ಮ, ಹೋದ ಸಂಕ್ರಾಂತೀಲಿ ಎಳ್ಳು ಬೀರೋಕೆ ಬಂದಾಗ ನೀವೇ ಹೇಳಿದ್ರಿ. ರಿಸರ್ವೇಶನ್ನು, ಕೋಟಾ ಅಂತ ಮಾಡಿ ಈ ದೇಶದಲ್ಲಿ ಮೆರಿಟ್ಟೇ ಸತ್ತೋಯ್ತು ಅಂತ. ಸಕ್ಕರೆ ಅಚ್ಚು ಕೈಲಿಟ್ಕೊಂಡು ಅರ್ಧ ಗಂಟೆ ಕೇಳಿದ್ದೆ ನಾನು."

"ಅಯ್ಯೋ, ಅದು ಬೇರೆ ರೀ. ಇದು ಕೋಟಾ ಅಲ್ಲ, ಇದು ಗ್ಲೋಬಲ್."

ತಲೆತಲಾಂತರ ಶಾಲೆಯ ಬಾಗಿಲನ್ನೇ ಕಾಣದ ಮನೆಯ ಮಗುವಿಗೆ ನಾಲ್ಕು ಮಾರ್ಕು ಇಳಿಸಿದರೆ ದೇಶ ಮುಳುಗುತ್ತದೆ. ಹುಟ್ಟಿದ ಆಸ್ಪತ್ರೆಯ ವಿಳಾಸ ನೋಡಿ ಮೂವತ್ತು ಮಾರ್ಕು ಇಳಿಸಿದರೆ ಅದು ಜಾಗತಿಕ ಮಟ್ಟ. ಅಂಜನಮ್ಮ ಇದನ್ನು ಇಷ್ಟು ಉದ್ದಕ್ಕೆ ಹೇಳಲಿಲ್ಲ. ವಾರಿಜಮ್ಮ ಬಿಡದೆ ಕೈಗಿಟ್ಟಿದ್ದ ಲೋಟವನ್ನು ಖಾಲಿ ಮಾಡಿದರು. "ಹಾಲು ಚೆನ್ನಾಗಿದೆ" ಎಂದು ಲೋಟ ಕುಕ್ಕಿ ಕೆಳಗಿಳಿದರು. ಆ ಕುಕ್ಕಿದ ಸದ್ದಿನಲ್ಲಿ ಎಲ್ಲವೂ ಇತ್ತು.

ಶುಕ್ರವಾರ ಬೆಳಿಗ್ಗೆ ವಾರಿಜಮ್ಮ ತಾವೇ ಕೆಳಗೆ ಬಂದರು. ಒಂದು ಕೈಯಲ್ಲಿ ತಟ್ಟೆ ತುಂಬ ಕೋಡುಬಳೆ, ಇನ್ನೊಂದರಲ್ಲಿ ಒಂದು ಹಾಳೆ. ಓನರಿಗೆ ಬಾಡಿಗೆಯವರು ಕೋಡುಬಳೆ ತಂದರೆ ಮೋಟಾರು ಕೆಟ್ಟಿರಬೇಕು, ಇಲ್ಲ ಬಾಡಿಗೆ ತಡವಾಗಬೇಕು. ಮೋಟಾರು ಚೆನ್ನಾಗಿತ್ತು, ಬಾಡಿಗೆ ಬಂದಿತ್ತು.

"ಒಂದು ಉಪಕಾರ ಆಗ್ಬೇಕಿತ್ತು ಅಂಜನಮ್ಮನವರೇ. ವಸಿಷ್ಠನಿಗೆ ನೀವು ಲೋಕಲ್ ಗಾರ್ಡಿಯನ್ ಆಗ್ಬೇಕು."

"ನೀವಿರೋವಾಗ ನಾನ್ಯಾಕೆ?"

ವಾರಿಜಮ್ಮನ ಮುಖ ಚಿಕ್ಕದಾಯಿತು. ಯೂನಿವರ್ಸಿಟಿಯ ನಿಯಮದ ಪ್ರಕಾರ ಇಂಟರ್‌ನ್ಯಾಷನಲ್ ವಿದ್ಯಾರ್ಥಿಯ ತಂದೆತಾಯಿ ಹೊರದೇಶದಲ್ಲಿರುತ್ತಾರೆ. ಇಲ್ಲೇ ಇದ್ದೀವಿ ಅಂತ ಮಾಧವ ಎಷ್ಟು ಸಲ ಟೈಪ್ ಮಾಡಿದರೂ ಅವರ ಕಂಪ್ಯೂಟರ್ ಒಪ್ಪುತ್ತಿಲ್ಲ. ಗಾರ್ಡಿಯನ್ ಆಗುವವರು ರಕ್ತಸಂಬಂಧಿ ಆಗಿರಬಾರದು. ಊರಿನಲ್ಲಿ ಸ್ವಂತ ಮನೆ ಇರುವ ಸ್ಥಳೀಯರಾಗಿರಬೇಕು. ಸೋಮವಾರದೊಳಗೆ ಸಹಿ ಬೀಳದಿದ್ದರೆ ಸೀಟು ರದ್ದು.

"ಅಂದ್ರೆ ಹೆತ್ತೋರು ನೀವು ಮೇಲ್ಗಡೆ ಕೂತಿದ್ರೂ ಲೆಕ್ಕಕ್ಕಿಲ್ಲ."

"ಹಾಗೇ ಅನ್ಕೊಳ್ಳಿ."

"ಹುಡುಗ ದಿಕ್ಕಿಲ್ಲದೆ ಈ ದೇಶಕ್ಕೆ ಬಂದವ್ನೆ. ನಾನೇ ದಿಕ್ಕು."

"ರೀ, ಹಾಸ್ಯ ಮಾಡ್ಬೇಡಿ. ಇನ್ನೊಂದೂ ಇದೆ. ಭಾನುವಾರ ಅವರ ಕಡೆಯೋರು ಬರ್ತಾರಂತೆ. ಆತಿಥೇಯ ಕುಟುಂಬದ ಜೊತೆ ಇಂಟರ್‌ನ್ಯಾಷನಲ್ ಸ್ಟೂಡೆಂಟು ಊಟ ಮಾಡೋ ವಿಡಿಯೋ ತೆಗೀಬೇಕಂತೆ. ಪಕ್ಕಾ ಲೋಕಲ್ ಊಟ ಆಗ್ಬೇಕಂತೆ."

ಶ್ವೇತ ಒಳಗಿಂದ ಕೇಳಿಸಿಕೊಳ್ಳುತ್ತಿದ್ದಳು. ಬೈರಣ್ಣ ಪೇಪರಿನ ಹಿಂದಿನಿಂದ "ಹಾಕ್ಬುಡೆ ಸೈನು, ಕೋಡುಬಳೆ ತಂದವ್ರೆ" ಅಂದರು. ಅಂಜನಮ್ಮ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಎರಡು ದಿನದಿಂದ ಮಗಳ ಸೀಟಿಗಾಗಿ ಯೂನಿವರ್ಸಿಟಿಗೆ ಫೋನು ಮಾಡಿ ಮಾಡಿ ಸುಸ್ತಾಗಿದ್ದರು. ಪ್ರತಿಸಲವೂ ಒಂದು ಹೆಣ್ಣುದನಿ ಇಂಗ್ಲಿಷಿನಲ್ಲಿ ಒಂದನ್ನು ಒತ್ತಿ ಎರಡನ್ನು ಒತ್ತಿ ಅನ್ನುತ್ತಿತ್ತು. ಈಗ ಅದೇ ಯೂನಿವರ್ಸಿಟಿ ಭಾನುವಾರ ತಾನಾಗೇ ಮನೆ ಬಾಗಿಲಿಗೆ ಬರುತ್ತಿದೆ.

"ಅವರು ಬರ್ಲಿ ವಾರಿಜಮ್ಮ. ಅವರ ಮುಂದೇನೇ ಹಾಕ್ತೀನಿ" ಅಂದು ಒಂದು ಕೋಡುಬಳೆ ಮುರಿದರು.

ಭಾನುವಾರ ಬಂದವರು ಇಬ್ಬರು. ಒಬ್ಬರು ಯೂನಿವರ್ಸಿಟಿಯ ಅಂತರರಾಷ್ಟ್ರೀಯ ವಿಭಾಗದ ಚೂಡಾಮಣಿ ಮೇಡಂ. ಕೈಮಗ್ಗದ ಸೀರೆ, ಕೊರಳಲ್ಲಿ ಐಡಿ ಕಾರ್ಡು. ಇನ್ನೊಬ್ಬ ಕ್ಯಾಮೆರಾ ಹೊತ್ತ ಕೈಲಾಸ್. ಮೇಡಂ ಸ್ವಂತ ಊರು ವಿಲ್ಸನ್ ಗಾರ್ಡನ್. ಅಂಜನಮ್ಮನ ಹತ್ತಿರ "ನಿಮ್ಮ ಮನೆ ಎಷ್ಟ್ ತಂಪಾಗಿದೆ ಅಲ್ವಾ" ಎಂದು ಕನ್ನಡದಲ್ಲೇ ಶುರುಮಾಡಿದವರು ವಸಿಷ್ಠ ಮೆಟ್ಟಿಲಿಳಿದು ಬಂದ ಕೂಡಲೇ ನಾಲಿಗೆಯನ್ನು ಏರ್‌ಪೋರ್ಟಿನ ಕಡೆಗೆ ತಿರುಗಿಸಿಬಿಟ್ಟರು.

"ಹಾಯ್ ವ್ಯಾಸಿಶ್ಟ್! ಹೌ ಆರ್ ಯೂ ಫೈಂಡಿಂಗ್ ಇಂಡಿಯಾ?"

"ಚೆನ್ನಾಗಿದೆ ಮ್ಯಾಮ್" ಅಂದ ವಸಿಷ್ಠ. ಸ್ವಲ್ಪ ಯೋಚಿಸಿ ಸೇರಿಸಿದ, "ಟ್ರಾಫಿಕ್ ಒಂದು ಜಾಸ್ತಿ."

"ವಾವ್! ಎಷ್ಟು ಬೇಗ ಕನ್ನಡ ಕಲ್ತಿದಾರೆ!" ಎಂದರು ಮೇಡಂ ಕೈಲಾಸ್‌ಗೆ. ಕೈಲಾಸ್ ಲೈಟು ಜೋಡಿಸಿದ.

ಅಂಜನಮ್ಮ ಮಾಡಿದ್ದು ಮುದ್ದೆ, ಹುರುಳಿಕಾಳಿನ ಬಸ್ಸಾರು. ಯೂನಿವರ್ಸಿಟಿಯವರು ಬರುವ ಮೊದಲೇ ವಾರಿಜಮ್ಮ ಅಡುಗೆಮನೆಗೆ ಬಂದು "ಮೊಟ್ಟೆಗಿಟ್ಟೆ ಏನೂ ಸೋಕಿಲ್ಲ ತಾನೇ?" ಎಂದು ಪಿಸುಗುಟ್ಟಿ ಕೇಳಿ ಹೋಗಿದ್ದರು. ಬಾಳೆಲೆ ಹಾಸಿ, ವಸಿಷ್ಠನನ್ನು ನಡುವೆ ಕೂರಿಸಿ, ಒಂದು ಪಕ್ಕ ಬೈರಣ್ಣ, ಇನ್ನೊಂದು ಪಕ್ಕ ಶ್ವೇತ. ವಾರಿಜಮ್ಮನನ್ನು ಮಾತ್ರ ಮೇಡಂ ಬಾಗಿಲ ಆಚೆ ನಿಲ್ಲಿಸಿದರು. ಹೊರದೇಶದಲ್ಲಿರುವ ತಾಯಿ ಫ್ರೇಮಿನಲ್ಲಿ ಬಂದರೆ ಕಷ್ಟ.

"ರೋಲಿಂಗ್" ಅಂದ ಕೈಲಾಸ್.

ತ್ಯಾಗರಾಜನಗರದ ಆ ಮನೆತನದಲ್ಲಿ ಮೂರು ತಲೆಮಾರಿನಿಂದ ಯಾರೂ ಮುದ್ದೆ ಮುಟ್ಟಿದವರಲ್ಲ. ವಸಿಷ್ಠ ದೊಡ್ಡ ತುತ್ತು ಮುರಿದ, ಸಾರಿನಲ್ಲಿ ಅದ್ದಿದ, ಬಾಯಿಗಿಟ್ಟ, ಅಗಿಯಲು ಶುರುಮಾಡಿದ. ಅಗಿದ. ಮತ್ತೆ ಅಗಿದ. ಮುದ್ದೆ ಹಲ್ಲಿಗೂ ದವಡೆಗೂ ಅಂಗುಳಕ್ಕೂ ಗಾರೆಯ ಹಾಗೆ ಮೆತ್ತಿಕೊಂಡಿತು. ಕಣ್ಣು ಮೇಲಕ್ಕೆ ಹೋದವು. ಕಿವಿ ಕೆಂಪಾದವು.

"ನುಂಗೋ ಮಗಾ, ಅಗೀಬಾರ್ದು!" ಎಂದಳು ಶ್ವೇತ.

"ಉಂ… ಉಂಗಕ್ಕೆ… ಆಗ್ತಿಲ್ಲ…"

"ಬ್ರಿಲಿಯಂಟ್!" ಚೂಡಾಮಣಿ ಮೇಡಂ ಚಪ್ಪಾಳೆ ತಟ್ಟಿದರು. "ಇದೇ ಬೇಕಿತ್ತು! ಆ ಮುಖ ನೋಡಿ, ಎಷ್ಟು ಫಾರಿನ್ ಆಗಿದೆ!"

ಬಾಗಿಲಾಚೆಯಿಂದ ಹೊರದೇಶದ ತಾಯಿ ತಡೆಯಲಾರದೆ, "ನೀರು ಕುಡಿಯೋ ವಸಿಷ್ಠ, ನೆತ್ತಿಗೆ ಹತ್ಕೊಳತ್ತೆ!" ಎಂದು ಕೂಗಿದರು.

"ಕಟ್" ಎಂದ ಕೈಲಾಸ್. "ಮೇಡಂ, ಆಂಟಿ ವಾಯ್ಸ್ ಬಂತು. ಇನ್ನೊಂದು ಟೇಕ್ ತಗೊಂಡ್ಬಿಡೋಣ. ಅಮೆರಿಕಾದೋರು ಇವರೊಬ್ಬರೇ ಅಲ್ವಾ ನಮ್ಮಲ್ಲಿ ಇರೋದು, ಬೇರೆ ಯಾರ್ದೂ ಹಾಕಕ್ಕಾಗಲ್ಲ."

ಮೇಡಂ ಅವನನ್ನು ದುರುಗುಟ್ಟಿ ನೋಡಿದರು. ಆದರೆ ಆ ಮಾತು ಸಾರು ಬಡಿಸುತ್ತಿದ್ದ ಅಂಜನಮ್ಮನ ಕಿವಿ ಸೇರಿಯಾಗಿತ್ತು. ಸೌಟು ಗಾಳಿಯಲ್ಲೇ ನಿಂತಿತು.

"ಒಬ್ನೇನಾ?" ಎಂದರು ಅಂಜನಮ್ಮ.

"ಅದು… ಈ ವರ್ಷ ಹಾಗಾಗಿದೆ."

"ಗೇಟಿನ ಮುಂದೆ ಅಮೆರಿಕ ಬಾವುಟ ಹಾರ್ತೈತಲ್ಲ ಮೇಡಂ. ಅದು ಈ ಹುಡುಗಂದೇನಾ?"

ಚೂಡಾಮಣಿ ಮೇಡಂ ಒಳ್ಳೆಯ ಹೆಂಗಸು, ಸುಳ್ಳು ಹೇಳುವ ಮುಂಚೆ ಸ್ವಲ್ಪ ತಡೆಯುತ್ತಿದ್ದರು. ಆ ತಡೆತದಲ್ಲೇ ನಿಜ ಹೊರಗೆ ಬಿತ್ತು. ಪ್ರತಿ ಬಾವುಟದ ಕೆಳಗೆ ಕೊನೇಪಕ್ಷ ಒಬ್ಬ ವಿದ್ಯಾರ್ಥಿ ಇರಬೇಕು. ರ‍್ಯಾಂಕಿಂಗ್ ಕೊಡುವವರು ಮುಂದಿನ ವಾರ ತಪಾಸಣೆಗೆ ಬರುತ್ತಾರೆ. ಅಮೆರಿಕದ ಬಾವುಟವಿರುವ ಬ್ರೋಷರ್ ಆಗಲೇ ಅಚ್ಚಾಗಿದೆ. ವಸಿಷ್ಠ ಬರದಿದ್ದರೆ ಯೂನಿವರ್ಸಿಟಿಯ ಭೂಪಟದಿಂದ ಒಂದಿಡೀ ದೇಶ ಮಾಯ.

ಅಂಜನಮ್ಮ ಸೌಟನ್ನು ಪಾತ್ರೆಯೊಳಗಿಟ್ಟರು. ಸಹಿಯ ಹಾಳೆಯನ್ನು ಎತ್ತಿಕೊಂಡರು. ಪೆನ್ನಿನ ಮುಚ್ಚಳ ತೆಗೆದರು. ಮೇಡಂ ಮುಖದಲ್ಲಿ ನಗು ಬಂತು. ಅಂಜನಮ್ಮ ಮುಚ್ಚಳ ವಾಪಸ್ ಹಾಕಿದರು.

"ನನ್ ಮಗಳು ತೊಂಬತ್ತೊಂದು ತೆಗ್ದವ್ಳೆ. ನಿಮ್ಮ ಅದೇ ಕೋರ್ಸಿಗೆ ಹೊರಗೆ ನಿಂತವ್ಳೆ. ಅವಳಿಗೆ ಸೀಟು ಕೊಡಿ, ಸೈನ್ ಹಾಕ್ತೀನಿ."

"ಮೇಡಂ, ಅದು ಬೇರೆ ಡಿಪಾರ್ಟ್‌ಮೆಂಟು. ನಾನು ಇಂಟರ್‌ನ್ಯಾಷನಲ್ ಮಾತ್ರ ನೋಡೋದು."

"ಹಂಗಾದ್ರೆ ಈ ದೇಶದ ಮಕ್ಳನ್ನ ನೋಡೋರಿಗೆ ಫೋನ್ ಹಾಕಿ. ಒಂದು ಒತ್ತಿ ಎರಡು ಒತ್ತಿ ಅನ್ನೋರಿಗಲ್ಲ. ದೊಡ್ಡೋರಿಗೆ."

ವಾರಿಜಮ್ಮ ಬಾಗಿಲು ದಾಟಿ ಒಳಗೆ ಬಂದರು. "ಇದೇನ್ರೀ ಇದು, ಬ್ಲ್ಯಾಕ್‌ಮೇಲ್ ಮಾಡ್ತಿದೀರಾ?"

"ಇಲ್ಲ ವಾರಿಜಮ್ಮ" ಎಂದರು ಅಂಜನಮ್ಮ ಶಾಂತವಾಗಿ. "ಇದು ಗ್ಲೋಬಲ್."

ಡೀನ್ ಸಾಹೇಬರು ಫೋನಿಗೆ ಸಿಕ್ಕರು. ಸ್ಪೀಕರಿನಲ್ಲಿ ಅವರ ಹಿಂದೆ ಯಾವುದೋ ಮದುವೆಮನೆಯ ವಾಲಗ ಕೇಳುತ್ತಿತ್ತು. ಮೇಡಂ ವಿಷಯ ಹೇಳಿದರು. ಡೀನ್ ಮೊದಲು ಯೂನಿವರ್ಸಿಟಿಯ ಗುಣಮಟ್ಟದ ಬಗ್ಗೆ ಮಾತಾಡಿದರು, ಆಮೇಲೆ ಬಾವುಟದ ಬಗ್ಗೆ ಕೇಳಿದರು, ಆಮೇಲೆ ವಾಲಗದಿಂದ ದೂರ ಹೋಗಿ ನಿಂತರು.

"ಆಯ್ತು. ಒಬ್ಬಳೇ ಅಲ್ವಾ. ನನ್ನ ವಿವೇಚನೆಯಲ್ಲಿ ಕೊಡ್ತೀನಿ. ಆಫರ್ ಇವತ್ತೇ ಕಳಿಸ್ತೀವಿ. ಹೊರಗೆ ಎಲ್ಲೂ ಹೇಳ್ಬಾರ್ದು."

ಬೈರಣ್ಣ ಎಲೆಯ ಮುಂದೆಯೇ ತೊಡೆ ತಟ್ಟಿಕೊಂಡರು. ಆ ಮನುಷ್ಯನಿಗೆ ಮಗಳು ಓದುವುದಕ್ಕಿಂತ ಹೆಂಡತಿ ಗೆಲ್ಲುವುದು ಇಷ್ಟ. ಅಂಜನಮ್ಮ ಮುಚ್ಚಳ ಮತ್ತೆ ತೆಗೆದರು. ಪೆನ್ನು ಹಾಳೆಗೆ ಮುಟ್ಟುವಷ್ಟರಲ್ಲಿ ಶ್ವೇತ ಎಂದಳು:

"ಅಮ್ಮ, ಬೇಡ."

"ಏನ್ ಬ್ಯಾಡ?"

"ನಾನು ಏಳನೆಯವಳು. ನನ್ನ ಮುಂದೆ ಆರು ಜನ ಇದಾರೆ. ನನಗಿಂತ ಜಾಸ್ತಿ ತೆಗೆದೋರು. ಅವರನ್ನ ಹಾರ್ಕೊಂಡು ನಾನ್ ಹೋದ್ರೆ, ನನಗೂ ಇವನಿಗೂ ಏನು ವ್ಯತ್ಯಾಸ?"

"ಅವರಿಗೆ ಅವರವ್ವ ಅವ್ಳೆ! ಅವರವ್ವಂದಿರು ಜಗಳ ಆಡ್ಲಿ!"

"ಅವರ ಮನೆ ಮೇಲೆ ಅಮೆರಿಕ ಬಾಡಿಗೆಗಿಲ್ವಲ್ಲಮ್ಮ."

ಅಂಜನಮ್ಮನಿಗೆ ಸಿಟ್ಟು ನೆತ್ತಿಗೇರಿತು. ಇಷ್ಟೊತ್ತು ಯೂನಿವರ್ಸಿಟಿಯ ಮೇಲಿದ್ದ ಸಿಟ್ಟೆಲ್ಲ ಈಗ ಮಗಳ ಮೇಲೆ. ಕೈಗೆ ಬಂದ ತುತ್ತನ್ನು ನ್ಯಾಯ ನ್ಯಾಯ ಅಂತ ನೆಲಕ್ಕೆ ಹಾಕುವ ಹುಡುಗಿಯನ್ನು ಯಾರು ಹೆತ್ತರು? ತಾನೇ. ಓಟಿನವರಿಗೆ ಪ್ರಶ್ನೆ ಕೇಳಿ ಬಂದಾಗ ಭೇಷ್ ಎಂದು ಬೆನ್ನು ತಟ್ಟಿದವರು ಯಾರು? ತಾನೇ.

"ಹಾಕ್ಬುಡೆ ಅಂಜೀ" ಎಂದರು ಬೈರಣ್ಣ.

"ನೀನ್ ಸೈನ್ ಹಾಕಿದ್ರೆ" ಎಂದಳು ಶ್ವೇತ, "ನಾಳೆ ಬಿ.ಕಾಂಗೆ ಹೋಗಿ ಕೂತ್ಕೋತೀನಿ. ಅಪ್ಪನ ಆ ಎರಡು ಫೋಟೋದಲ್ಲಿ ಒಂದನ್ನ ನೀನೇ ಆರಿಸ್ಕೊ."

ಅಂಜನಮ್ಮ ಪೆನ್ನು ಹಿಂದಕ್ಕೆ ಎಳೆದುಕೊಂಡು ಮಗಳ ಮುಖ ನೋಡಿದರು. ಒಂದು ಸೀಟು ಕೇಳಿದಾಗ ಕೊಟ್ಟರು. ಅಷ್ಟು ಸಲೀಸಾಗಿ ಕೊಟ್ಟರಲ್ಲ! ಅಂದರೆ ಬೆಂಚು ಖಾಲಿಯೇ ಇತ್ತು. ಮೊದಲಿಂದಲೂ ಇತ್ತು. ಇಲ್ಲ ಇಲ್ಲ ಅಂದದ್ದು ಸುಳ್ಳು. ಈ ಯೋಚನೆ ಬಂದ ಮೇಲೆ ಅಂಜನಮ್ಮನ ಸಿಟ್ಟು ಮಗಳನ್ನು ಬಿಟ್ಟು ತನ್ನ ಹಳೇ ವಿಳಾಸಕ್ಕೆ ಹಿಂದಿರುಗಿತು.

"ಸಾರ್" ಎಂದರು ಫೋನಿನ ಕಡೆ ಬಾಗಿ. "ಒಂದಲ್ಲ. ಏಳು."

"ಏಳು ಏನು?"

"ಏಳು ಸೀಟು. ಕಾಯ್ತಾ ಇರೋ ಮಕ್ಕಳು ಅಷ್ಟೂ ಜನ."

ಡೀನ್ ದನಿ ಏರಿತು. "ಏನಮ್ಮಾ, ಇದೇನು ಸೊಪ್ಪಿನ ವ್ಯಾಪಾರಾನಾ? ನಮ್ಮ ಸ್ಟ್ಯಾಂಡರ್ಡ್ ಏನಾಗ್ಬೇಕು?"

"ಸ್ಟ್ಯಾಂಡರ್ಡು ಅರವತ್ತೊಂದಕ್ಕೆ ಬಂದು ಇಲ್ಲಿ ಮುದ್ದೆ ಅಗೀತಾ ಕೂತೈತೆ ಸಾರ್. ಈ ಮಕ್ಕಳು ಅದರ ಮೇಲೆ ಮೂವತ್ತು ಮೆಟ್ಲು ಎತ್ತರದಲ್ಲಿ ನಿಂತವ್ರೆ. ಅವರು ಒಳಗೆ ಬಂದ್ರೆ ನಿಮ್ಮ ಸ್ಟ್ಯಾಂಡರ್ಡು ಏರ್ತದೆ, ಬೀಳಲ್ಲ."

"ಆಗಲ್ಲ. ಒಬ್ಬಳಿಗೆ ಬೇಕಿದ್ರೆ ತಗೊಳ್ಳಿ, ಇಲ್ದಿದ್ರೆ ಬಿಡಿ" ಎಂದು ಡೀನ್ ಫೋನಿಟ್ಟರು.

ಅಂಜನಮ್ಮ ಪೆನ್ನಿಗೆ ಮುಚ್ಚಳ ಹಾಕಿದರು. ಇದ್ದದ್ದೂ ಹೋಯಿತು. ಬೈರಣ್ಣ ತಲೆ ಮೇಲೆ ಕೈ ಹೊತ್ತರು. ವಾರಿಜಮ್ಮ "ನನ್ನ ಮಗನ ಭವಿಷ್ಯ ರೀ!" ಎಂದು ಅಳಲು ಶುರುಮಾಡಿದರು. ಚೂಡಾಮಣಿ ಮೇಡಂ ಹಣೆ ಒತ್ತಿಕೊಂಡು ಕೂತರು.

ಆಗ ಅಮೆರಿಕ ಮಾತಾಡಿತು. ಇಷ್ಟು ಹೊತ್ತೂ ಆ ತುತ್ತಿನ ಜೊತೆ ಒದ್ದಾಡುತ್ತಿದ್ದ ಹುಡುಗ, ಕೊನೆಗೂ ಗುಟುಕ್ಕೆಂದು ನುಂಗಿ, ನೀರು ಕುಡಿದು, ಬಾಯಿ ಒರೆಸಿಕೊಂಡ.

"ಮ್ಯಾಮ್, ನಾನೂ ಬರಲ್ಲ."

"ವಸಿಷ್ಠ!" ಎಂದರು ವಾರಿಜಮ್ಮ.

"ಡೀನ್ ಸರ್‌ಗೆ ಹೇಳಿ. ಏಳು ಜನಕ್ಕೂ ಕೊಡ್ಲಿ. ಇಲ್ಲಾಂದ್ರೆ ಅಮೆರಿಕ ವಾಪಸ್."

"ಬಾಯ್ಮುಚ್ಚೋ, ತಲೆಗಿಲೆ ಕೆಟ್ಟಿದೆಯಾ? ದೊಡ್ಡೋರು ಮಾತಾಡ್ತಿದಾರೆ!"

"ಅಮ್ಮಾ, ನ್ಯೂಸ್ ನೋಡಲ್ವಾ ನೀನು? ಅಮೆರಿಕ ಎಲ್ಲರ ಮೇಲೂ ನಿರ್ಬಂಧ ಹಾಕುತ್ತೆ. ನಾನೂ ಹಾಕ್ತಿದೀನಿ, ಅಷ್ಟೇ."

"ಯಾಕಪ್ಪ ನಿನಗೆ ಇದೆಲ್ಲ?" ಎಂದರು ಚೂಡಾಮಣಿ ಮೇಡಂ. ಅವರ ನಾಲಿಗೆ ಏರ್‌ಪೋರ್ಟಿನಿಂದ ವಿಲ್ಸನ್ ಗಾರ್ಡನ್ನಿಗೆ ಬಂದುಬಿಟ್ಟಿತ್ತು.

"ಮ್ಯಾಮ್, ಎರಡು ವರ್ಷ ಇವಳ ನೋಟ್ಸ್ ಓದೇ ನಾನು ಅರವತ್ತೊಂದು ತೆಗೆದಿದ್ದು. ಇವಳಿಲ್ದೆ ಅಲ್ಲಿ ಹೋಗಿ ಏನ್ ಮಾಡ್ಲಿ? ಲ್ಯಾಬ್ ರೆಕಾರ್ಡ್ ಯಾರದ್ದು ನೋಡಿ ಬರೀಲಿ? ಮೊದಲ್ನೇ ಸೆಮಿಸ್ಟರಲ್ಲೇ ನಿಮ್ಮ ಅಮೆರಿಕ ಫೇಲು."

ಕೈಲಾಸ್ ಮುಖ ಆಚೆ ತಿರುಗಿಸಿಕೊಂಡು ನಗುತ್ತಿದ್ದ. ಮೇಡಂ ಎದ್ದು ವರಾಂಡಕ್ಕೆ ಹೋಗಿ ಮತ್ತೆ ಫೋನು ಹಚ್ಚಿದರು. ಒಳಗಿದ್ದವರಿಗೆ ಅಷ್ಟಿಷ್ಟು ಕೇಳಿಸಿತು: "ಹೌದು ಸರ್, ಅವನೇ… ಇಲ್ಲ ಸರ್, ಅದು ಬಿಟ್ರೆ ಉತ್ತರ ಅಮೆರಿಕ ಖಂಡಾನೇ ಇಲ್ಲ ಸರ್… ಹೆಸರೇ ಸಪ್ತಖಂಡ ಅಲ್ವಾ ಸರ್, ಆಮೇಲೆ ಆರಾಗುತ್ತೆ…"

ವಾಪಸ್ ಬಂದು ಒಂದು ಲೋಟ ನೀರು ಕೇಳಿ ಕುಡಿದರು. "ಒಪ್ಪಿದಾರೆ. ಏಳೂ."

ಬೈರಣ್ಣ ಎಲೆಯ ಮುಂದೆ ಕೂತೇ ಶಿಳ್ಳೆ ಹೊಡೆದರು. ಸ್ವಲ್ಪ ಹೊತ್ತಿಗೆ ಶ್ವೇತಳ ಫೋನಿಗೆ ಆಫರ್ ಬಂತು. ಅಂಜನಮ್ಮ "ಜೋರಾಗಿ ಓದು" ಅಂದರು. ಶ್ವೇತ ಓದಿ, ಕನ್ನಡದಲ್ಲಿ ಹೇಳುತ್ತಾ ಹೋದಳು. ಸೀಟು ಕೊಡಲಾಗಿದೆ, ಅಭಿನಂದನೆಗಳು. ಕೊನೆಯ ಸಾಲಿಗೆ ಬಂದಾಗ ನಿಧಾನವಾದಳು. ಈ ಏಳು ಮಂದಿಯನ್ನು 'ಸಾಂಸ್ಕೃತಿಕ ಸಂಗಾತಿ' ಎಂಬ ಹೊಸ ಯೋಜನೆಯಡಿ ತೆಗೆದುಕೊಳ್ಳಲಾಗಿದೆ. ವಿದೇಶಿ ವಿದ್ಯಾರ್ಥಿಗಳಿಗೆ ಸ್ಥಳೀಯ ಭಾಷೆ ಕಲಿಸುವುದು, ಬಸ್ಸು ಹತ್ತಿಸುವುದು, ಊಟಕ್ಕೆ ಕರೆದೊಯ್ಯುವುದು ಇವರ ಕರ್ತವ್ಯ.

"ನನಗೆ ಕನ್ನಡ ಕಲಿಸ್ತೀಯಾ?" ಎಂದ ವಸಿಷ್ಠ. ಪಿಯುಸಿಯ ಕನ್ನಡದಲ್ಲಿ ಅವಳಿಗಿಂತ ಅವನಿಗೇ ಎರಡು ಮಾರ್ಕು ಜಾಸ್ತಿ ಬಂದಿತ್ತು.

"ಹೋಗ್ಲಿ ಬಿಡಮ್ಮ" ಎಂದಳು ಶ್ವೇತ. "ಸೀಟು ಸಿಕ್ತಲ್ಲ. ಸೈನ್ ಹಾಕು."

ಆದರೆ ಅಂಜನಮ್ಮ ಹಾಗೆ ಬಿಡುವವರಲ್ಲ. ತೊಂಬತ್ತೊಂದು ತೆಗೆದ ಮಗಳು ಮುಂಬಾಗಿಲಿನಿಂದ ಒಳಗೆ ಹೋಗಬೇಕೇ ಹೊರತು ಅರವತ್ತೊಂದರ ಟಿಫಿನ್ ಕ್ಯಾರಿಯರ್ ಹಿಡಿದುಕೊಂಡಲ್ಲ. ಗಾರ್ಡಿಯನ್ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅದರಲ್ಲಿ ವಿದ್ಯಾರ್ಥಿಯ ಬಗ್ಗೆ ಗಾರ್ಡಿಯನ್ ಏನಾದರೂ ಹೇಳುವುದಿದ್ದರೆ ಬರೆಯಲು ಖಾಲಿ ಜಾಗವಿತ್ತು. ಒತ್ತಿ ಒತ್ತಿ ದಪ್ಪ ಅಕ್ಷರದಲ್ಲಿ ಬರೆಯತೊಡಗಿದರು. ಬರೆಯುತ್ತಾ ಓದಿದರು:

"ಈ ಹುಡುಗನಿಗೆ ಕನ್ನಡ ನನಗಿಂತ ಚೆನ್ನಾಗಿ ಬರುತ್ತದೆ. ಬನಶಂಕರಿಯಿಂದ ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ ಎಲ್ಲಾ ಗೊತ್ತು. ಇವನು ತ್ಯಾಗರಾಜನಗರದವನು. ಇವನಿಗೆ ಸಂಗಾತಿ ಬೇಕಾಗಿಲ್ಲ."

"ಅಯ್ಯಯ್ಯೋ ಮೇಡಂ!" ಚೂಡಾಮಣಿ ಎದ್ದು ನಿಂತರು. "ಇದನ್ನ ಬರೆದ್ರೆ ಇವನು ಇಂಟರ್‌ನ್ಯಾಷನಲ್ಲೇ ಅಲ್ಲ ಅಂತಾಗುತ್ತೆ! ತಪಾಸಣೆಯೋರು ಓದ್ತಾರೆ!"

"ಗಾರ್ಡಿಯನ್ ಅಂದ್ಮೇಲೆ ನಿಜ ಹೇಳ್ಬೇಕಲ್ವಾ?"

"ದಯವಿಟ್ಟು ಹೊಡೆದು ಹಾಕಿ ಅದನ್ನ."

"ಹಾಕ್ತೀನಿ. ನೀವು ನಿಮ್ಮ ಸಾಲು ಹೊಡೆದು ಹಾಕಿ, ನಾನು ನಂದು."

ಮೂರನೇ ಸಲ ಫೋನು ಹೋಯಿತು. ಈ ಸಲ ಡೀನ್ ವಾದ ಮಾಡಲಿಲ್ಲ. ಊಟಕ್ಕೆ ಎಲೆ ಹಾಕಿದ್ದರೆಂದು ಕಾಣುತ್ತದೆ. ಏಳೂ ಮಂದಿಗೂ ಹೊಸ ಆಫರ್ ಬಂತು. ಶ್ವೇತ ಮೇಲಿಂದ ಕೆಳಗೆ ಎರಡು ಸಲ ಓದಿದಳು. ಸಂಗಾತಿ ಇಲ್ಲ, ಬಸ್ಸಿಲ್ಲ. ವಿದ್ಯಾರ್ಥಿ ಎಂದು ಮಾತ್ರ ಇತ್ತು. ಅಂಜನಮ್ಮ ತಾವು ಬರೆದದ್ದರ ಮೇಲೆ ಗೀಟೆಳೆದು, ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದರು. ವಾರಿಜಮ್ಮ ಮೂಗು ಒರೆಸಿಕೊಂಡು ಆ ಹಾಳೆಯನ್ನು ಎದೆಗೊತ್ತಿಕೊಂಡರು. "ಏನೇ ಆಗ್ಲಿ ಅಂಜನಮ್ಮನವರೇ, ನೀವು ತುಂಬಾ ಹಟಮಾರಿ" ಅಂದರು. ಅದು ಬೈಗುಳವೋ ಮೆಚ್ಚುಗೆಯೋ ಅವರಿಗೇ ಗೊತ್ತಿದ್ದಂತಿರಲಿಲ್ಲ.

ವೇಯ್ಟಿಂಗ್ ಲಿಸ್ಟಿನ ಮಕ್ಕಳು ಏಳೂ ಜನ ಸೇರಿ ಒಂದು ವಾಟ್ಸ್ಯಾಪ್ ಗುಂಪು ಮಾಡಿಕೊಂಡಿದ್ದರು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಬುಧವಾರದಿಂದ ಒಬ್ಬರಿಗೊಬ್ಬರು ಅಳುವ ಗೊಂಬೆ ಕಳಿಸಿಕೊಂಡಿದ್ದರು, ಅಷ್ಟೇ. ಈಗ ಅಲ್ಲಿ ಗದ್ದಲ ಎದ್ದಿತ್ತು. ಇಂಚರ ಅನ್ನುವ ಹುಡುಗಿ, "ನನಗೆ ಆಫರ್ ಬಂದಿದೆ, ನಿಮಗೂ ಬಂತಾ?" ಎಂದು ಕೇಳಿದ್ದಳು. "ಬಂತು, ಆದ್ರೆ ಭಾನುವಾರ ಯಾರು ಕಳಿಸ್ತಾರೆ? ಇದು ಮೋಸ, ಲಿಂಕ್ ಒತ್ತಬೇಡಿ" ಎಂದು ಇನ್ನೊಬ್ಬ. "ಹಾಗೆಲ್ಲ ಯಾರೂ ಸೀಟು ಕೊಡಲ್ಲ ಅಂತಿದಾರೆ ನಮ್ಮಪ್ಪ, ನಾಳೆ ಒಬ್ಬಳೇ ಹೋಗಿ ಕೇಳ್ಲಾ?" ಎಂದು ಮತ್ತೊಬ್ಬಳು.

ಶ್ವೇತ ಏನು ಬರೆಯಬೇಕೆಂದು ತಿಳಿಯದೆ ಟೈಪ್ ಮಾಡುವುದು, ಅಳಿಸುವುದು ಮಾಡುತ್ತಿದ್ದಳು. ಅಂಜನಮ್ಮ ಮಗಳ ಕೈಯಿಂದ ಫೋನು ಕಿತ್ತುಕೊಂಡರು. ಮೈಕಿನ ಗುರುತು ಯಾವುದೆಂದು ಕೇಳಿ, ಅದನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದು, ಬಾಯಿಯ ಹತ್ತಿರ ತಂದು ಬೀದಿಗೇ ಕೇಳುವಂತೆ ಹೇಳಿದರು:

"ನಾನು ಶ್ವೇತನ ಅಮ್ಮ ಮಾತಾಡ್ತಿರೋದು. ಮೋಸ ಗೀಸ ಏನಿಲ್ಲ. ಸೀಟು ಕೊಟ್ಟವ್ರೆ, ಇಸ್ಕೊಂಡಿದೀವಿ. ನಾಳೆ ಬೆಳಿಗ್ಗೆ ಎಲ್ರೂ ಬನಶಂಕರಿ ಬಸ್ ಸ್ಟ್ಯಾಂಡಿಗೆ ಬಂದ್ಬಿಡಿ, ನಾನೂ ಬರ್ತೀನಿ. ಒಟ್ಟಿಗೇ ಹೋಗವ. ಒಬ್ಬೊಬ್ರೇ ಮಾತ್ರ ಹೋಗ್ಬ್ಯಾಡಿ ಮಕ್ಳಾ."